67ನೇ ನಂಬರ್

ಸ್ಪ್ಯಾನಿಷ್ ಭಾಷೆಯ ಮೇಲೆ ನನಗೊಂದು ಸಿಟ್ಟಿದೆ. ಅರವತ್ತಕ್ಕೆ ಸೆಸೆಂತಾ, ಎಪ್ಪತ್ತಕ್ಕೆ ಸೆತೆಂತಾ. ಆರಕ್ಕೆ ಸೈಸ್, ಏಳಕ್ಕೆ ಸಿಯೆತೆ. 20 ದೇಶಗಳ ಸರ್ಕಾರ ನಡೆಸುವ ಭಾಷೆಗೆ ಈ ನಾಲ್ಕು ಪದಗಳನ್ನು ಒಂದಕ್ಕೊಂದು ಸ್ವಲ್ಪ ದೂರ ಕೂರಿಸಲು ಆಗಲಿಲ್ವಾ? ನಮ್ಮಲ್ಲಿ ನೋಡಿ. ಅರವತ್ತು ಅಂದರೆ ಅರವತ್ತು, ಎಪ್ಪತ್ತು ಅಂದರೆ ಎಪ್ಪತ್ತು. ಕಿವಿ ಮಂದ ಇರುವವರಿಗೂ ಗೊತ್ತಾಗುತ್ತದೆ. ಸಂತೆ ಗಲಾಟೆಯಲ್ಲಿ ಎಂಬತ್ತು, ತೊಂಬತ್ತು ಒಂದೇ ಥರ ಕೇಳಿಸುತ್ತವೆ ಅನ್ನಿ. ಅದು ಬೇರೆ ಮಾತು.

ನನ್ನ ಕೈಯಲ್ಲಿದ್ದ ಚೀಟಿ 67. ಶನಿವಾರ ಮಧ್ಯಾಹ್ನ. ಗೋಡೆಯ ಟಿವಿಯಲ್ಲಿ ಫುಟ್‌ಬಾಲ್, ಒಳಗೆ ಕಾವಲಿಯ ಮೇಲೆ ಕಬ್ಬಿಣದ ಟಕಟಕ, ಮೂಲೆಯಲ್ಲಿ ಹಠ ಹಿಡಿದ ಒಂದು ಮಗು. ಕೌಂಟರಿನ ಹೆಂಗಸು ಏನೋ ಕೂಗಿದರು. ‘ಸೆ’ಯಿಂದ ಶುರುವಾಯಿತು, ನಡುವೆ ಒಂದು ‘ಇ’ ಬಂತು, ಮತ್ತೆ ‘ಸ’. ನಮ್ಮದೇ ಎಂದು ಎದ್ದು ಹೋಗಿ ತಟ್ಟೆ ತಂದೆ. ನಮ್ಮದಾಗಿರಲಿಲ್ಲ.

ಜೊತೆಯಲ್ಲಿ ಇದ್ದವರು ಮಾವನವರು. ತುಮಕೂರಿನಿಂದ ಆರು ತಿಂಗಳಿಗೆಂದು ಬಂದಿದ್ದಾರೆ. ಕೆಇಬಿಯಲ್ಲಿ ಮೂರು ದಶಕ ಮೀಟರ್ ಓದಿದವರು, ಅಂಕಿ ತಪ್ಪುವವರಲ್ಲ. ಚೀಟಿ ಅವರ ಕೈಗೆ ಕೊಡಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಮಗಳ ಭರತನಾಟ್ಯದ ಕ್ಲಾಸು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪೂರ್ವದ ಕಡೆ ಒಂದು ಸಾಲು ಅಂಗಡಿಗಳ ನಡುವೆ ಇದೆ. ಒಂದು ಪಕ್ಕ ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿ, ಅದರಾಚೆ ಟಾಕೆರಿಯಾ, ಅಂದರೆ ಮೆಕ್ಸಿಕೋದವರ ಟಾಕೊ ಅಂಗಡಿ. ಕ್ಲಾಸು ಎರಡು ಗಂಟೆ. ಎರಡು ಗಂಟೆ ಕಾರಿನಲ್ಲಿ ಕೂತು ತೈಯುಂ ದತ್ತ ಕೇಳುವುದಕ್ಕಿಂತ ಇದು ವಾಸಿ ಎಂದು ನಾವಿಬ್ಬರೂ ಇಲ್ಲಿ ಬಂದು ಕೂರುತ್ತೇವೆ. ಹೊರಡುವಾಗ ಹೆಂಡತಿ ಹೇಳುವುದು ಒಂದೇ ಮಾತು. “ಅಪ್ಪನಿಗೆ ಶುಗರ್ ಇದೆ. ಸಿಹಿ ಏನೂ ಕುಡಿಸಬೇಡಿ.”

ಮಾವನವರಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ಏನು ತೋರಿಸಿದರೂ “ಅಳಿಯಂದ್ರೇ, ಇದು ನಮ್ಮದೇ ಅಲ್ವಾ?” ಅನ್ನುತ್ತಾರೆ. ಯೊಸೆಮಿಟಿಯ ಜಲಪಾತದ ಕೆಳಗೆ ನಿಂತು ಜೋಗದ ಬಗ್ಗೆ ಮಾತಾಡಿದರು. ಆಕಾಶಕ್ಕೆ ಹೋದ ರೆಡ್‌ವುಡ್ ಮರ ನೋಡಿ ನೀಲಗಿರಿ ತೋಪು ನೆನೆಸಿಕೊಂಡರು. ಟಾಕೆರಿಯಾದಲ್ಲಂತೂ ಹಬ್ಬ. ಟೋರ್ಟಿಯಾ ಸಣ್ಣ ಚಪಾತಿ, ಅದರಲ್ಲಿ ಪಲ್ಯ ಇಟ್ಟು ಮಡಚಿದರೆ ಟಾಕೊ. ಗ್ವಾಕಮೋಲೆ ಬೆಣ್ಣೆಹಣ್ಣಿನ ಚಟ್ನಿ. ಹೆಚ್ಚಿದ ಟೊಮೆಟೊ ಈರುಳ್ಳಿ ಕೋಸಂಬರಿ. ಒರ್ಚಾತಾ ಅಂದರೆ ಅಕ್ಕಿ ತೊಳೆದ ನೀರಿಗೆ ಸಕ್ಕರೆ, ಚಕ್ಕೆ ಹಾಕಿದ್ದು. ಒಂದು ಹೊಸ ರುಚಿಗೆ ನಾಲಿಗೆಯ ಮೇಲೆ ಎರಡು ನಿಮಿಷ ಪರಕೀಯವಾಗಿರಲು ಬಿಡುವುದಿಲ್ಲ, ಆಗಲೇ ಆಧಾರ್ ಕಾರ್ಡ್ ಮಾಡಿಸಿ ಕೈಗೆ ಕೊಟ್ಟುಬಿಡುತ್ತಾರೆ. ನನಗೆ ಮೈ ಉರಿಯುತ್ತದೆ. ಮಾವನವರಲ್ಲವಾ, ನಗುತ್ತೇನೆ.

ಇನ್ನೂ ಮೈ ಉರಿಯುವುದು ಅವರು ಹೇಳಿದ್ದು ಸರಿ ಇದ್ದಾಗ. ಮೊದಲ ಸಲ ಜೋಳದ ಟೋರ್ಟಿಯಾ ಮೂಸಿ ನೋಡಿ, “ಇದರಲ್ಲಿ ಸುಣ್ಣ ಇದೆ” ಅಂದರು. ಎಲೆ ಅಡಿಕೆ ಹಾಕುವವರ ಮೂಗು. ನಾನು ಇಪ್ಪತ್ತು ವರ್ಷದಿಂದ ತಿನ್ನುತ್ತಿದ್ದೇನೆ, ಒಂದು ದಿನ ಹೊಳೆದಿರಲಿಲ್ಲ. ಮನೆಗೆ ಬಂದು ಓದಿದರೆ ಹೌದು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಸಿ, ಸಿಪ್ಪೆ ಬಿಡಿಸಿ ರುಬ್ಬುತ್ತಾರೆ. ಸುಣ್ಣವಿಲ್ಲದಿದ್ದರೆ ಹಿಟ್ಟು ಒಗ್ಗೂಡುವುದಿಲ್ಲ, ಜೋಳದಲ್ಲಿರುವ ಒಂದು ಬಿ ವಿಟಮಿನ್ ಮೈಗೆ ಹತ್ತುವುದೂ ಇಲ್ಲ. ಸಾವಿರಾರು ವರ್ಷದ ಅಡುಗೆ. ಮಾವನವರಿಗೆ ಇದನ್ನು ಹೇಳಿದಾಗ ಅವರು ಆಶ್ಚರ್ಯ ಪಡಲಿಲ್ಲ. “ಮತ್ತೆ?” ಅಂದರು ಅಷ್ಟೇ.

ಇದಕ್ಕಿಂತ ಕಡೆ ಜನ ಇದ್ದಾರೆ. ಆಫೀಸಿನಲ್ಲಿ ಒಬ್ಬನಿದ್ದಾನೆ. ಜೊತೆಗೆ ಬಂದರೆ ಅಸಲಿ ಯಾವುದು, ನಕಲಿ ಯಾವುದು ಎಂದು ಪಾಠ ಶುರು. ಒಂದು ಟಾಕೊಗೆ ಎರಡು ಟೋರ್ಟಿಯಾ ಇರಬೇಕಂತೆ, ಈರುಳ್ಳಿ ಕೊತ್ತಂಬರಿ ಬಿಟ್ಟರೆ ಏನೂ ಇರಬಾರದಂತೆ, ಚೀಸ್ ಹಾಕಿದರೆ ಪಾಪವಂತೆ. ಕಂಬಕ್ಕೆ ಚುಚ್ಚಿದ ಮಾಂಸ ತಿರುಗುತ್ತಿರುವುದನ್ನು ತೋರಿಸಿ ಇದೇ ನಿಜವಾದ ಮೆಕ್ಸಿಕೋ ಅನ್ನುತ್ತಾನೆ. ಅದನ್ನು ಅಲ್ಲಿಗೆ ತಂದವರು ಲೆಬನಾನಿನ ಕಡೆಯಿಂದ ವಲಸೆ ಬಂದವರು, ಷಾವರ್ಮಾದ ಮಗು ಅದು ಎಂದರೆ ಕೇಳಿಸದ ಹಾಗೆ ಫೋನ್ ನೋಡುತ್ತಾನೆ. ಇದೇ ಮನುಷ್ಯ ಬೆಂಗಳೂರಿಗೆ ಹೋದಾಗ ಮಸಾಲೆ ದೋಸೆಗೆ ಚೀಸ್ ಹಾಕಿಸಿಕೊಂಡು ಫೋಟೋ ಕಳಿಸಿದ್ದ. ಬುರಿಟೊ ವಿಷಯದಲ್ಲೂ ಇಂಥದ್ದೇ ಜಗಳ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯ ಆ ಅನ್ನ ತುಂಬಿದ ದಪ್ಪ ಬುರಿಟೊ ಮೊದಲು ಮಾಡಿದ್ದು ನಾವೇ ಎಂದು ಎರಡು ಅಂಗಡಿಯವರು ಹೇಳಿಕೊಳ್ಳುತ್ತಾರೆ. ಒಬ್ಬರು 1961 ಅನ್ನುತ್ತಾರೆ, ಇನ್ನೊಬ್ಬರು 1969. ಯಾರು ಮಾಡಿದ್ದರೂ ಅದು ಎಳೆ ಮಗುವಿನ ತೂಕ ಇರುತ್ತದೆ, ಎಳೆ ಮಗುವಿನ ಹಾಗೆಯೇ ಕೆಳಗಿನಿಂದ ಸೋರುತ್ತದೆ. ನಾನು ತಿನ್ನುವುದಿಲ್ಲ.

ಟಾಕೊ ಹಾಗಲ್ಲ. ಟಾಕೊ ತಿನ್ನುವಾಗ ಟಾಕೊವನ್ನು ವಾಲಿಸಬಾರದು, ನಮ್ಮ ತಲೆಯನ್ನು ವಾಲಿಸಬೇಕು. ಇದರಲ್ಲಿ ಬದುಕಿಗೆ ಬೇಕಾದ ಒಂದು ದೊಡ್ಡ ವಿಷಯ ಇದೆ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಆಮೇಲೆ ಹೇಳುತ್ತೇನೆ.

ನಾವು ಹೇಳಿದ್ದು ಇಡೀ ಬೀನ್ಸ್ ಹಾಕಿದ ನಾಲ್ಕು ಟಾಕೊ. ಅರೆದ ಬೀನ್ಸ್ ಆಗುವುದಿಲ್ಲ, ಅದರಲ್ಲಿ ಹಂದಿಕೊಬ್ಬು ಹಾಕುವುದುಂಟು. ಅನ್ನವೂ ಬೇಡ, ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ‘ಸಿನ್ ಮಂತೇಕಾ’, ಕೊಬ್ಬು ಬೇಡ ಎನ್ನುವುದು ನಾನು ಕಲಿತ ಮೊದಲ ಸ್ಪ್ಯಾನಿಷ್. ನಮಸ್ಕಾರ, ಧನ್ಯವಾದ ಎಲ್ಲ ಆಮೇಲೆ ಬಂತು. ಇಷ್ಟು ವಿಚಾರಣೆ ಮುಗಿಸಿ ಹಿಂದೆ ತಿರುಗುವಷ್ಟರಲ್ಲಿ ಮಾವನವರು ಕೌಂಟರಿನ ದೊಡ್ಡ ಗಾಜಿನ ಭರಣಿಗಳ ಮುಂದೆ ನಿಂತಿದ್ದರು. ಕೆಂಪು ನೀರಿನ ಭರಣಿ ಅವರಿಗೆ ಹಿಡಿಸಿತ್ತು.

“ಜಮೈಕಾ ಅಂತ ಬರ್ದವ್ರೆ. ಆ ದೇಶದ್ದಾ?”

ಹಮಾಯ್ಕಾ ಅನ್ನಬೇಕು ಮಾವ, ಊರಿಗೆ ಸ್ಯಾನ್ ಹೋಸೆ ಅನ್ನುವ ಹಾಗೆ, ಅದೊಂದು ಹೂವಿನ ಪಾನಕ ಎಂದೆ. ಒಣಗಿಸಿದ ಆ ಹೂವು ಪುಂಡಿ ಸೊಪ್ಪಿನ ಬಳಗದ್ದು ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಮುಗೀತು.

“ಹೂವಲ್ವಾ. ಹೂವಲ್ಲಿ ಎಂಥ ಸಕ್ಕರೆ?” ಅಂದರು. ಜೇನುಹುಳಕ್ಕೆ ಕೇಳಬೇಕಾದ ಪ್ರಶ್ನೆ. ಒಂದು ಲೋಟ ತೆಗೆದುಕೊಂಡೆವು. ಚಿಕ್ಕ ಲೋಟ ಇರಲಿಲ್ಲ.

ಸರಿ, ತಪ್ಪು ತಟ್ಟೆಗೆ ಬರುತ್ತೇನೆ. ಅದರಲ್ಲಿ ಮೂರು ಟಾಕೊ. ಎರಡರಲ್ಲಿ ಹಸಿರು ಹೋಳುಗಳು, ಮೂರನೆಯದರಲ್ಲಿ ಕಂದು ಬಣ್ಣದ ಚೂರುಗಳು. ನಾಲ್ಕು ಹೇಳಿದ್ದೆವಲ್ಲ, ಇನ್ನೊಂದು ಬರಬೇಕೇನೋ ಎಂದು ನಾನು ಖಾರದ ಬಾಟಲಿ ತರಲು ಎದ್ದೆ. ವಾಪಸು ಬರುವಷ್ಟರಲ್ಲಿ ಮಾವನವರು ಒಂದು ಹಸಿರು ಟಾಕೊ ಅರ್ಧ ಮುಗಿಸಿದ್ದರು. ಮುಖ ಅರಳಿತ್ತು.

“ಅಳಿಯಂದ್ರೇ, ಇದು ನಮ್ಮ ಬೆಂಡೆಕಾಯಿ ಪಲ್ಯ ಅಲ್ವಾ? ಲೋಳೆ ನೋಡಿ, ಲೋಳೆ.”

ಅಷ್ಟರಲ್ಲಿ ಮೇಜಿನ ಪಕ್ಕ ಒಬ್ಬರು ಬಂದು ನಿಂತರು. ಪ್ಯಾಂಟಿನ ಮೇಲೆ ಸುಣ್ಣಬಣ್ಣದ ಕಲೆ. ಕೆಲಸದ ನಡುವೆ ಊಟಕ್ಕೆ ಬಂದವರು. ಕೈಯಲ್ಲಿ 76ರ ಚೀಟಿ. ಸಿಟ್ಟಿರಲಿಲ್ಲ, ಆದರೆ ಹಸಿವು ಇತ್ತು. ನಾನು ಎದ್ದು, ಕ್ಷಮೆ ಕೇಳಿ, ನನ್ನ ಚೀಟಿ ತೋರಿಸಿ, ಭಾಷೆಯನ್ನು ಬೈದು, ಹೊಸ ತಟ್ಟೆಗೆ ದುಡ್ಡು ಕೊಟ್ಟು ಬಂದೆ. ಅವರು ನಮ್ಮ ಮೇಜಿನಲ್ಲೇ ಕೂತರು. ಬೇರೆ ಜಾಗ ಇರಲಿಲ್ಲ.

ಮಾವನವರಿಗೆ ಈಗ ಬೇರೆ ಚಿಂತೆ. ಮೂರನೆಯ ಟಾಕೊವಿನಲ್ಲಿ ಏನಿದೆ ಎಂದು ಕೇಳಿ ಎಂದರು. ಕೇಳಿದೆ. ಲೆಂಗ್ವಾ ಅಂದರು ಆತ. ನಮಗೆ ತಿಳಿಯಲಿಲ್ಲವೇನೋ ಎಂದು, ಬಾಯಿ ತೆರೆದು, ನಾಲಿಗೆ ಪೂರ್ತಿ ಚಾಚಿ, ಬೆರಳಿನಿಂದ ತೋರಿಸಿದರು. ಹಸುವಿನ ನಾಲಿಗೆ.

ಮಾವನವರು ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಮೀಟರ್ ನೋಡುವವರ ನೋಟ.

“ಮುಟ್ಟಿರಲಿಲ್ಲ ಅಲ್ವಾ?”

“ಇಲ್ಲ ಮಾವ. ಮಧ್ಯದಲ್ಲಿ ಮೂಲಂಗಿ ಇತ್ತು.”

ಇತ್ತು. ಎರಡು ಬಿಲ್ಲೆ.

“ಮತ್ತೆ ಆ ಬೆಂಡೆಕಾಯಿ?”

ಅದಕ್ಕೆ ಆತ ಗೋಡೆಯ ಕಡೆ ಕೈ ತೋರಿಸಿದರು. ಟಿವಿಯ ಪಕ್ಕ ಮೆಕ್ಸಿಕೋದ ಬಾವುಟ. ನಡುವೆ ಹದ್ದು, ಹದ್ದಿನ ಬಾಯಲ್ಲಿ ಹಾವು. ಹಾವಲ್ಲ, ಹದ್ದೂ ಅಲ್ಲ, ಕೆಳಗೆ, ಕೆಳಗೆ ಎಂದರು. ಹದ್ದು ಕೂತಿರುವ ಗಿಡ. ನೋಪಾಲ್. ಮಾವನವರು ಕನ್ನಡಕ ಏರಿಸಿ ನೋಡಿದರು. ನಾನೂ ನೋಡಿದೆ. ಎಷ್ಟು ಸಲ ಈ ಬಾವುಟದ ಕೆಳಗೆ ಕೂತು ತಿಂದಿದ್ದೇನೋ.

“ಪಾಪಾಸುಕಳ್ಳಿ!” ಎಂದು ಕೂಗಿದವನು ನಾನು. ಮಾವನವರಲ್ಲ. ಕೂಗಿದ್ದಷ್ಟೇ ಅಲ್ಲ, ಆ ಮನುಷ್ಯನ ತೋಳು ಹಿಡಿದು, “ಇದು ನಮ್ಮೂರ ಗಿಡ! ನಮ್ಮದು!” ಅಂದೆ. ಮಾವನವರು ಏನೂ ಹೇಳಲಿಲ್ಲ. ಹಮಾಯ್ಕಾ ಒಂದು ಗುಟುಕು ಕುಡಿದರು.

ನನ್ನದು ಹಿರಿಯೂರಿನ ಕಡೆಯ ಹಳ್ಳಿ. ಮಳೆ ಕಮ್ಮಿ, ಕಳ್ಳಿ ಜಾಸ್ತಿ. ಶಾಲೆಯ ಹಿಂದಿನ ಹೊಲಕ್ಕೆ ಆಳೆತ್ತರದ ಪಾಪಾಸುಕಳ್ಳಿಯ ಬೇಲಿ. ಪಾಪಾಸು ಅಂದರೆ ಚಪ್ಪಲಿ, ಪಾರ್ಸಿ ಕಡೆಯಿಂದ ಬಂದ ಮಾತು. ಚಪ್ಪಲಿ ಮೇಲೆ ಚಪ್ಪಲಿ ಪೇರಿಸಿದ ಹಾಗಿರುವ ಗಿಡಕ್ಕೆ ಇನ್ನೇನು ಹೆಸರಿಡುತ್ತಾರೆ? ಪಕ್ಕದ ತಮಿಳರು ಇದನ್ನೇ ಚಪ್ಪಾತಿ ಕಳ್ಳಿ ಅನ್ನುತ್ತಾರೆ. ನಾವು ಚಪ್ಪಲಿ ಕಂಡ ಕಡೆ ಅವರಿಗೆ ಚಪಾತಿ ಕಂಡಿತೋ ಏನೋ. ಮೆಕ್ಸಿಕೋದವರು ಚಪಾತಿಯೊಳಗೇ ಇಟ್ಟು ಸುತ್ತಿಬಿಟ್ಟರು. ಹಾಗೆ ನೋಡಿದರೆ ಅವರು ತಿನ್ನುವುದು ಮುಳ್ಳು ಕಮ್ಮಿ ಇರುವ ತಳಿ. ನಮ್ಮ ಬೇಲಿಯದು ಅದರ ಒರಟು ನೆಂಟ. ಅದರ ಪಲ್ಯ ಮಾಡಬಹುದು ಎಂದು ಯಾರಾದರೂ ಹೇಳಿದ್ದರೆ ನಮ್ಮಜ್ಜಿ ಅವರಿಗೆ ದೃಷ್ಟಿ ತೆಗೆಸುತ್ತಿದ್ದರು.

ನಮಗೆ ಬೇಕಾಗಿದ್ದು ಅದರ ಹಣ್ಣು. ಹಣ್ಣಾದಾಗ ಕಡುಗೆಂಪು. ಕೈಯಲ್ಲಿ ಕೀಳುವ ಹಾಗಿಲ್ಲ. ಕಾಣುವ ಮುಳ್ಳಿಗಿಂತ ಕಾಣದ ಮುಳ್ಳು ಕೆಟ್ಟದ್ದು, ಕೂದಲಿನಷ್ಟು ಸಣ್ಣದು, ಗೊಂಚಲು ಗೊಂಚಲಾಗಿ ಇರುತ್ತದೆ. ಕವೆಕೋಲಿನಿಂದ ಬೀಳಿಸಿ, ಗೋಣಿತಾಟಿನಲ್ಲಿ ಹಾಕಿ ತಿಕ್ಕಿ, ಆಮೇಲೆ ಬಂಡೆಯ ಮೇಲೆ ಉಜ್ಜಬೇಕು. ಇಷ್ಟೆಲ್ಲ ಆದ ಮೇಲೂ ನಾಲ್ಕು ಮುಳ್ಳು ಉಳಿದಿರುತ್ತವೆ. ಅವು ತುಟಿಗೆ. ಒಳಗಿನ ತಿರುಳು ಮಾತ್ರ, ಏನು ಹೇಳಲಿ, ಅರ್ಧ ಬೀಜವೇ ಆದರೂ ಸಿಹಿ. ಬಾಯಿ, ಬೆರಳು, ಅಂಗಿ ಎಲ್ಲ ರಕ್ತ ಕುಡಿದವರ ಹಾಗೆ.

ಒಂದು ದಿನ ಊಟದ ಬಿಡುವಿನಲ್ಲಿ ಹನ್ನೊಂದು ಜನ ಹೋದೆವು. ಗಂಟೆ ಹೊಡೆದದ್ದು ಕೇಳಿಸಲಿಲ್ಲ. ಕೇಳಿಸಿತ್ತು, ಹಣ್ಣು ಇನ್ನೂ ಇತ್ತು. ವಾಪಸು ಬರುವಾಗ ಹೊಂಡದಲ್ಲಿ ಕೈ ತೊಳೆದು, ಬಾಯಿ ಒರೆಸಿ, ಸಾಧುಗಳ ಹಾಗೆ ಒಳಗೆ ನುಸುಳಿದೆವು. ಹೆಡ್‌ಮೇಷ್ಟ್ರು ಬೈಯಲಿಲ್ಲ. ಬೆತ್ತ ಕೈಗೆ ತೆಗೆದುಕೊಳ್ಳಲಿಲ್ಲ. ಹನ್ನೊಂದು ಜನರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿ, ಡಾಕ್ಟರ ಹಾಗೆ ಮೆಲ್ಲಗೆ ಹೇಳಿದರು. “ನಾಲಿಗೆ ತೋರ್ಸಿ.”

ನಾನು ಸಾಲಿನ ಕೊನೆಯಲ್ಲಿದ್ದೆ. ಪಕ್ಕದಲ್ಲೇ ಕರಿಹಲಗೆ. ಹಲಗೆಯ ಕೆಳಗಿನ ಪಟ್ಟಿಯ ಮೇಲೆ ಒಂದು ತುಂಡು ಸೀಮೆಸುಣ್ಣ. ಮೇಷ್ಟ್ರು ಮೊದಲನೆಯ ನಾಲಿಗೆ ನೋಡುತ್ತಿದ್ದರು. ಕೆಂಪು. ಎರಡನೆಯದು. ಕೆಂಪು. ನನಗೆ ಇನ್ನೂ ಎಂಟು ನಾಲಿಗೆಯಷ್ಟು ಸಮಯವಿತ್ತು. ತಲೆ ಓಡಿತು. ಸೀಮೆಸುಣ್ಣ ತೆಗೆದು, ಕೈ ಅಡ್ಡ ಹಿಡಿದು, ನಾಲಿಗೆಗೆ ಚೆನ್ನಾಗಿ ಬಳಿದೆ. ಗೋಡೆಗೆ ಸುಣ್ಣ ಬಳಿಯುವಾಗ ಎರಡು ಕೋಟು ಹಾಕುತ್ತಾರಲ್ಲ, ಹಾಗೆ ಎರಡು ಸಲ.

ನನ್ನ ಸರದಿ ಬಂತು. ಚಾಚಿದೆ. ಕೆಂಪಿನ ಮೇಲೆ ಬಿಳಿ ಬಿದ್ದು ನಾಲಿಗೆ ಗುಲಾಬಿ ಬಣ್ಣದ ಸುಣ್ಣದ ಗೋಡೆಯಾಗಿತ್ತು. ಮೇಷ್ಟ್ರು ಬಗ್ಗಿ ನೋಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಪಕ್ಕದ ಕ್ಲಾಸಿನ ಮೇಷ್ಟ್ರನ್ನು ಕರೆಸಿ ತೋರಿಸಿದರು. ಇಬ್ಬರೂ ಗಂಭೀರವಾಗಿ ತಲೆ ಆಡಿಸಿದರು. ಉಳಿದ ಹತ್ತು ಜನಕ್ಕೆ ಹತ್ತತ್ತು ಬಸ್ಕಿ. ನನಗೆ ಇಪ್ಪತ್ತು. ಹತ್ತು ಹಣ್ಣು ತಿಂದದ್ದಕ್ಕೆ, ಹತ್ತು ಸರ್ಕಾರಿ ಸೀಮೆಸುಣ್ಣ ತಿಂದದ್ದಕ್ಕೆ. ಸಂಜೆಗೆ ಊರಿಗೆಲ್ಲ ಗೊತ್ತಾಯಿತು. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ನನ್ನ ಹೆಸರು ಸುಣ್ಣದ ನಾಲಿಗೆ ಎಂದೇ ಇತ್ತು. ಆ ಮುಳ್ಳು ತೆಗೆಯಲು ಅಜ್ಜಿ ಸೆರಗಿಗೆ ಕೊಬ್ಬರಿ ಎಣ್ಣೆ ಹಚ್ಚಿ ನನ್ನ ತುಟಿ ಒರೆಸಿದ್ದು, ಒರೆಸುತ್ತಾ ನಕ್ಕಿದ್ದು, ಅದೂ ಇದೆ. ಬಿಡಿ.

ಇದನ್ನೆಲ್ಲ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಯಲ್ಲಿ ಆತನಿಗೆ ಹೇಳಿದೆ. ಮಾವನವರಿಗೆ ಕನ್ನಡದಲ್ಲಿ. ಆ ಹಣ್ಣಿಗೆ ತೂನಾ ಅನ್ನುತ್ತೇವೆ ಅಂದರು ಆತ. ಮೀನಾ ಎಂದು ಮಾವನವರು ಬೆಚ್ಚಿಬಿದ್ದರು. ಮೀನಲ್ಲ ಎಂದು ಸಮಾಧಾನ ಮಾಡಬೇಕಾಯಿತು. ಆತನ ಊರಿನಲ್ಲೂ ಮಕ್ಕಳ ನಾಲಿಗೆ ಹೀಗೇ ಕೆಂಪಾಗುತ್ತಿತ್ತಂತೆ. ಆಮೇಲೆ ನಗುತ್ತಲೇ, ಬಾವುಟದ ಕಡೆ ಹೆಬ್ಬೆರಳು ತೋರಿಸಿ, ಗಿಡ ಮಾತ್ರ ನಮ್ಮದು ಅಂದರು. ಬಾವುಟದ ಮೇಲೆ ಹಾಕಿಕೊಂಡವರ ಮುಂದೆ ಏನು ವಾದ ಮಾಡುವುದು?

ಅವರದೇ. ಆ ರಾತ್ರಿ ನಿದ್ದೆ ಬರದೆ ಓದಿದೆ. ಬ್ರಿಟಿಷರ ಕಂಪನಿಗೆ ಬಟ್ಟೆಗೆ ಹಾಕುವ ಕಡುಗೆಂಪು ಬಣ್ಣ ಬೇಕಿತ್ತು. ಆ ಬಣ್ಣ ಬರುವುದು ಕಳ್ಳಿಯ ಮೇಲೆ ಬದುಕುವ ಮೆಕ್ಸಿಕೋದ ಒಂದು ಪುಟ್ಟ ಹುಳದಿಂದ. ವ್ಯಾಪಾರ ಸ್ಪೇನಿನವರ ಮುಷ್ಟಿಯಲ್ಲಿತ್ತು. ಹುಳಕ್ಕೆ ಮೇವು ಬೇಕಲ್ಲ, ಮದರಾಸಿನ ಕಡೆ ಕಳ್ಳಿ ಬೆಳೆಸಿದರು. 1795ರಲ್ಲಿ ಬ್ರೆಜಿಲ್‌ನಿಂದ ಹಡಗಿನಲ್ಲಿ ಹುಳ ಬಂತು. ಬಂದದ್ದು ಬೇಕಾದ ಹುಳ ಅಲ್ಲ, ಅದರ ದಾಯಾದಿ. ಬಣ್ಣ ಕಳಪೆ. ಅಂದರೆ ಕಂಪನಿಯವರೂ 76ರ ತಟ್ಟೆಯನ್ನೇ ಎತ್ತಿಕೊಂಡು ಬಂದಿದ್ದರು. ಬಣ್ಣ ಹೋಯಿತು, ಕಳ್ಳಿ ಉಳಿಯಿತು. ಹೊಲ, ಗೋಮಾಳ ಎಲ್ಲ ಕಡೆ ಹಬ್ಬಿ ಕೊನೆಗೆ 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಹುಳ ತರಿಸಿ ಬಿಡಬೇಕಾಯಿತು, ಈ ಸಲ ಕಳ್ಳಿಯನ್ನೇ ತಿನ್ನಿಸಲು. ಆ ಹುಳ ತಿಂದು ಬಿಟ್ಟದ್ದರಲ್ಲಿ ನಮ್ಮ ಶಾಲೆಯ ಹಿಂದಿನ ಬೇಲಿಯೂ ಒಂದಿರಬೇಕು.

ತಲೆ ವಾಲಿಸುವ ವಿಷಯ ಹೇಳುತ್ತೇನೆ ಎಂದು ಭಾಷೆ ಕೊಟ್ಟಿದ್ದೆ. ಮರೆತಿಲ್ಲ. ಅಂದಹಾಗೆ ಈ ಲೆಂಗ್ವಾ ಅನ್ನುವ ಪದಕ್ಕೆ ನಾಲಿಗೆ ಅಂತಲೂ ಅರ್ಥ, ಭಾಷೆ ಅಂತಲೂ ಅರ್ಥ. ಮಾತಿಗೆ ತಪ್ಪುವುದು ಅನ್ನುವ ಮೂರನೆಯ ಅರ್ಥ ಇದೆಯೋ ನೋಡಬೇಕು.

ನಮ್ಮ 67 ಬಂದಾಗ ಬೀನ್ಸ್ ಆರಿಹೋಗಿತ್ತು. ಮಾವನವರು ಮುಟ್ಟಲಿಲ್ಲ. ಇನ್ನೆರಡು ನೋಪಾಲ್ ಹೇಳಿ ಅಂದರು, ಬೇರೆ ತಟ್ಟೆಯಲ್ಲಿ. ದುಡ್ಡು ಕೊಡುವಾಗ ಆ ಹೆಂಗಸು ಪರದೆ ನನ್ನ ಕಡೆ ತಿರುಗಿಸಿದರು. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು, ಎಷ್ಟು ಪರ್ಸೆಂಟ್ ಟಿಪ್ಸ್ ಎಂದು ಅದು ಕೇಳುತ್ತಿತ್ತು. ತಟ್ಟೆ ನಾನೇ ಹೊತ್ತಿದ್ದೇನೆ, ಅದೂ ಇನ್ನೊಬ್ಬರದು. ಹಿಂದೆ ನಿಂತವರು ನೋಡುತ್ತಿದ್ದರು. ಇಪ್ಪತ್ತು ಒತ್ತಿದೆ.

ಕ್ಲಾಸು ಬಿಟ್ಟಿತ್ತು. ಮಗಳು ಗೆಜ್ಜೆಯ ಚೀಲ ಎಸೆದು ಹಿಂದಿನ ಸೀಟಿಗೆ ಹತ್ತಿದಳು. ಅವಳ ತಾತ ಏನೋ ಮಾತಾಡಿಸಲು ಹಿಂದಕ್ಕೆ ತಿರುಗಿದರು.

“ತಾತ, ನಿಮ್ ನಾಲಿಗೆ ಯಾಕೆ ಅಷ್ಟೊಂದು ರೆಡ್ ಆಗಿದೆ?”

ಮಾವನವರು ಬಾಯಿ ಮುಚ್ಚಿದರು. ತಲೆಯ ಮೇಲಿನ ಕನ್ನಡಿ ಕೆಳಗೆ ಎಳೆದು, ನಾಲಿಗೆ ಚಾಚಿ ನೋಡಿದರು. ಎಡಕ್ಕೆ ತಿರುಗಿಸಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು. ಲೋಟದ ತಳದವರೆಗೆ ಕುಡಿದ ಹಮಾಯ್ಕಾ ಅಷ್ಟೂ ಅಲ್ಲಿತ್ತು. ಮನೆ ಇನ್ನು ಎರಡು ಸಿಗ್ನಲ್ ದೂರ. ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಎಂದು ನಮಗಿಬ್ಬರಿಗೂ ಗೊತ್ತು.

ಮೊದಲನೆಯ ಸಿಗ್ನಲ್ ದಾಟಿತು. ಎರಡನೆಯದರಲ್ಲಿ ಕೆಂಪು ದೀಪ ಬಿತ್ತು. ಮಾವನವರು ಕನ್ನಡಿ ಮೇಲಕ್ಕೆ ಮಡಚಿ, ನನ್ನ ಕಡೆ ವಾಲಿ, ಮೊಮ್ಮಗಳಿಗೆ ಕೇಳಿಸದ ಹಾಗೆ ಕೇಳಿದರು.

“ಅಳಿಯಂದ್ರೇ, ಕಾರಲ್ಲಿ ಸೀಮೆಸುಣ್ಣ ಏನಾದ್ರೂ ಇದ್ಯಾ?”